ದುಡಿ ಮೊದಲು, ಕಥೆ ಆಮೇಲೆ

ಕೊಡಗಿನ ನಾಪೋಕ್ಲು ಕಡೆಯ ಒಂದು ಅಂಗನವಾಡಿಯಲ್ಲಿ 31 ವರ್ಷ ಮಕ್ಕಳ ಜೊತೆ ಕಳೆದವಳು ನಾನು. ಹುಟ್ಟಿದ್ದು ಭಾಗಮಂಡಲದ ಹತ್ತಿರ, ಮನೆಮಾತು ಅರೆಭಾಷೆ, ಇಲ್ಲಿನ ಗೌಡರ ಮಾತು. ನಮ್ಮ ಅಂಗನವಾಡಿಯ ಚಾಪೆಯ ಮೇಲೆ ಕೊಡವರ ಮನೆಯ ಮಗು, ಗೌಡರ ಮನೆಯ ಮಗು, ಮಾಪಿಳ್ಳೆಯವರ ಮಗು, ತೋಟದ ಲೈನ್‌ಮನೆಯ ಎರವರ ಮಗು ಎಲ್ಲ ಒಟ್ಟಿಗೆ ಕೂರುತ್ತಿದ್ದವು. ಕೊನೆಯ ಏಳೆಂಟು ವರ್ಷಗಳಲ್ಲಿ ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳೂ ಸೇರಿಕೊಂಡವು. ಇಷ್ಟೂ ಮಕ್ಕಳಿಗೆ ಈ ಊರು ತನ್ನದು ಅನ್ನಿಸಬೇಕು, ಅದಕ್ಕೆ ಏನು ಮಾಡಲಿ ಅಂತ ಪ್ರತಿ ವರ್ಷವೂ ಯೋಚಿಸಿದ್ದೇನೆ. ಈಗ ನಿವೃತ್ತಿಯಾದ ಮೇಲೆ ಹೊಸದಾಗಿ ಕೆಲಸಕ್ಕೆ ಸೇರಿದ ಟೀಚರುಗಳು, ನೆಂಟರ ಮನೆಯ ಸೊಸೆಯಂದಿರು ಅದನ್ನೇ ಕೇಳುತ್ತಾರೆ: “ಸಣ್ಣ ಮಕ್ಕಳಿಗೆ ನಮ್ಮ ಹಾಡು, ಹಬ್ಬ, ಊರಿನ ಚರಿತ್ರೆ ಎಲ್ಲ ಹೇಗೆ ಹೇಳಿಕೊಡುವುದು ಅಕ್ಕಾ?” ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಮೂರರಿಂದ ಏಳು ವರ್ಷದ ಮಕ್ಕಳು ನಿಮ್ಮ ಮುಂದೆ ಇದ್ದಾರೆ ಅಂದುಕೊಂಡು ಓದಿ.

ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ನೇರವಾಗಿ ಹೇಳಿಕೊಡುವುದಕ್ಕೇ ಇಳಿದಿದ್ದೆ. ಗೋಡೆಗೆ ಕೊಡಗಿನ ನಕ್ಷೆ ಅಂಟಿಸಿ, ಹಾಲೇರಿ ರಾಜರ ಹೆಸರು, 1834ರಲ್ಲಿ ಬ್ರಿಟಿಷರು ಕೊಡಗನ್ನು ಹಿಡಿದದ್ದು, 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ್ದು, ಎಲ್ಲವನ್ನೂ ಕಥೆಯ ಹಾಗೆ ಹೇಳಿದೆ. ನಾಲ್ಕು ವರ್ಷದ ಮಗುವಿಗೆ ಮೊನ್ನೆ ಅನ್ನುವುದೇ ಬಹಳ ದೂರ. ಮಕ್ಕಳು ಚಾಪೆಯ ಎಳೆ ಕೀಳುತ್ತಾ ಕೂತಿದ್ದವು.

ಆ ವರ್ಷ ಪುತ್ತರಿ, ಅಂದರೆ ನಮ್ಮ ಹೊಸ ಭತ್ತದ ಹಬ್ಬ, ಆದ ವಾರ ಮನೆಮನೆಗೆ ಹಾಡಲು ಹೊರಟಿದ್ದವರಲ್ಲಿ ಒಬ್ಬ ಅಜ್ಜ ಕುಡಿಯುವ ನೀರಿಗೆ ಅಂತ ಒಳಗೆ ಬಂದರು. ಕೈಯಲ್ಲಿ ದುಡಿ ಇತ್ತು. ದುಡಿ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಡಮರುವಿನ ಹಾಗೆ ನಡು ಸಣ್ಣದಾದ ಚಿಕ್ಕ ವಾದ್ಯ, ಎರಡು ಕಡೆ ತೊಗಲು, ಸುತ್ತ ಹಗ್ಗದ ಹೆಣಿಗೆ. ಒಂದು ತೆಳು ಕಡ್ಡಿಯಿಂದ ಬಡಿಯುತ್ತಾರೆ. ಚಾಪೆಯ ಎಳೆ ಕೀಳುತ್ತಿದ್ದ ಹುಡುಗನೇ ಎದ್ದು ಹೋಗಿ ಕೇಳಿದ, “ಅಜ್ಜಾ, ಇದರ ಒಳಗೆ ಯಾರಿದ್ದಾರೆ?” ಅಜ್ಜ ನಗಲಿಲ್ಲ. ನೀರಿನ ಲೋಟ ಕೆಳಗಿಟ್ಟು, ಹುಡುಗನ ಅಂಗೈಯನ್ನು ಒಂದು ಕಡೆಯ ತೊಗಲಿಗೆ ಒತ್ತಿಸಿ, ಇನ್ನೊಂದು ಕಡೆಗೆ ಮೆಲ್ಲಗೆ ಒಂದು ಪೆಟ್ಟು ಕೊಟ್ಟರು. ಹುಡುಗ ಕೈ ಕಿತ್ತುಕೊಂಡ. ಒಂದು ಗಳಿಗೆ ನೋಡಿದ. ಆಮೇಲೆ ತಾನಾಗಿಯೇ ಮತ್ತೆ ಕೈ ಇಟ್ಟ. “ಏನು ಗೊತ್ತಾಯಿತು?” “ನಡುಗುತ್ತದೆ.” “ಹಾಂ, ಇನ್ನೊಂದು ಸಲ ನೋಡು.” ಅಷ್ಟರಲ್ಲಿ ಹದಿನೇಳು ಮಕ್ಕಳೂ ಅವರನ್ನು ಸುತ್ತಿಕೊಂಡಿದ್ದವು.

ಆ ವಾರವಿಡೀ ಪ್ರಶ್ನೆಗಳೇ. ಅಜ್ಜ ಎಲ್ಲಿಗೆ ಹೋದರು, ಯಾಕೆ ಹಾಡುತ್ತಾರೆ, ಆ ಹಾಡಿನಲ್ಲಿ ಯಾರ ಹೆಸರು ಬಂತು. ನಾನು ಒಂದು ತಿಂಗಳು ಹೇಳಿದರೂ ತಲೆಗೆ ಹೋಗದ್ದನ್ನು ಮಕ್ಕಳೇ ನನ್ನಿಂದ ಕೇಳಿ ತೆಗೆದುಕೊಂಡರು. ಅಂದಿನಿಂದ ನನ್ನ ಕ್ರಮ ಇದೇ. ಮೊದಲು ಸದ್ದು ಕೇಳಿಸಿ, ವಸ್ತುವನ್ನು ಕೈಗೆ ಕೊಡಿ, ಇಲ್ಲವೇ ಆ ಜಾಗಕ್ಕೆ ಕರೆದುಕೊಂಡು ಹೋಗಿ. ಕಥೆಯನ್ನು ಬಾಯಲ್ಲೇ ತಡೆದುಕೊಳ್ಳಿ. ಮಗು ಕೇಳಿದ ಮೇಲೆ ಹೇಳಿ, ಕೇಳಿದಷ್ಟೇ ಹೇಳಿ.

ಬಾರಿಸುವವರನ್ನು ಕರೆಯುವಾಗ

ಫೋನಿನಲ್ಲಿ ಹಾಕಿ ತೋರಿಸುವುದರಿಂದ ಶುರುಮಾಡಬೇಡಿ. ನಿಮ್ಮ ಊರಲ್ಲಿ ದುಡಿ ಬಾರಿಸುವವರು ಒಬ್ಬರಾದರೂ ಇರುತ್ತಾರೆ, ಅವರನ್ನು ಹುಡುಕಿ. ಕಾಫಿ ಕೊಯ್ಲು ಮುಗಿದ ಮೇಲೆ, ಮಾರ್ಚ್ ತಿಂಗಳ ಹೊತ್ತಿಗೆ ಕರೆದರೆ ಅವರಿಗೂ ಬಿಡುವು ಇರುತ್ತದೆ. ಇಪ್ಪತ್ತು ನಿಮಿಷ ಸಾಕು ಅಂತ ಮೊದಲೇ ಹೇಳಿಡಿ. ಮಕ್ಕಳು ಕೈ ಚಾಚಿದರೆ ವಾದ್ಯ ಸಿಗುವಷ್ಟು ಹತ್ತಿರ ಕೂರಲಿ. ನೀವು ನಡುವೆ ಬಾಯಿ ಹಾಕಿ “ಮಕ್ಕಳೇ, ಇದಕ್ಕೆ ದುಡಿ ಎನ್ನುತ್ತಾರೆ” ಅಂತ ವಿವರಿಸಲು ಹೋಗಬೇಡಿ. ಹೆಸರನ್ನು ಅಜ್ಜನೇ ಹೇಳಲಿ. ಅವರ ಬಾಯಿಂದ ಬಂದ ಹೆಸರು ಮಗುವಿಗೆ ನೆನಪಿರುತ್ತದೆ.

ವಾಲಗದ ಮಾತು ಬೇರೆ. ಊದುವ ಕೊಂಬು, ಬಡಿಯುವ ಕೊಟ್ಟು, ಪರೆ ಇವುಗಳ ಸದ್ದು ಮುಚ್ಚಿದ ಕೋಣೆಯಲ್ಲಿ ಸಣ್ಣ ಕಿವಿಗೆ ತಡೆಯುವುದಿಲ್ಲ. ಅಂಗಳದಲ್ಲೇ ಆಗಬೇಕು, ಅದೂ ದೂರದಿಂದ ಶುರುವಾಗಬೇಕು. ನಾವು ಬಾರಿಸುವವರನ್ನು ಗದ್ದೆಯ ಬದುವಿನ ಆಚೆ ನಿಲ್ಲಿಸಿ, ಮೆಲ್ಲಗೆ ನಡೆದುಕೊಂಡು ಬನ್ನಿ ಅನ್ನುತ್ತಿದ್ದೆವು. ಮೊದಲು ಎಲ್ಲೋ ಕೇಳಿಸುತ್ತದೆ, ಆಮೇಲೆ ಹತ್ತಿರ ಬರುತ್ತದೆ. ಹೆದರುವ ಮಗುವಿಗೆ ಹಿಂದೆ ಸರಿಯಲು ಸಮಯ ಸಿಗುತ್ತದೆ, ಕುಣಿಯುವ ಮಗು ಅಷ್ಟು ಹೊತ್ತಿಗೆ ಕುಣಿಯಲು ಶುರುಮಾಡಿರುತ್ತದೆ. ವಾಲಗ ಕೇಳಿ ಸುಮ್ಮನೆ ನಿಲ್ಲುವ ಕೊಡಗಿನ ಮಗುವನ್ನು ನಾನು ಕಂಡದ್ದು ಕಡಿಮೆ. ಕೈ ಹೀಗೆ ಎತ್ತು, ಕಾಲು ಹಾಗೆ ಇಡು ಅಂತ ತಿದ್ದಬೇಡಿ. ಮದುವೆ ಮನೆಗಳಲ್ಲಿ ದೊಡ್ಡವರನ್ನು ನೋಡಿ ಅದು ತಾನಾಗಿ ಬರುತ್ತದೆ.

ಇನ್ನೊಂದು ಮಾತು ಬರೆಯಲೇಬೇಕು. ನಮ್ಮಲ್ಲಿ ಹಬ್ಬಕ್ಕೂ ಮದುವೆಗೂ ಸಾವಿಗೂ ಬಾರಿಸುವವರು ಹೆಚ್ಚಾಗಿ ಮೇದರು ಮತ್ತು ಕೆಂಬಟ್ಟಿ ಜನ. ಅವರ ವಾಲಗವಿಲ್ಲದೆ ಯಾರ ಮನೆಯ ಕಾರ್ಯವೂ ನಡೆಯುತ್ತಿರಲಿಲ್ಲ. ಆದರೂ ಅವರನ್ನು ಅಂಗಳದ ಆಚೆಯೇ ನಿಲ್ಲಿಸಿ, ಬೇರೆ ಲೋಟದಲ್ಲಿ ಕಾಫಿ ಕೊಟ್ಟದ್ದನ್ನು ನಾನು ಸಣ್ಣವಳಿದ್ದಾಗ ಕಣ್ಣಾರೆ ಕಂಡಿದ್ದೇನೆ. ಮಕ್ಕಳ ಮುಂದೆ ಅವರಿಗೆ ಕುರ್ಚಿ ಕೊಡಿ, ಎಲ್ಲರಿಗೂ ಕೊಡುವ ಲೋಟದಲ್ಲೇ ಕಾಫಿ ಕೊಡಿ, ಮಕ್ಕಳಿಂದ ಅಜ್ಜ ಅಂತ ಕರೆಸಿ. ಹೊರಡುವಾಗ ಮಕ್ಕಳು ಕಾಲು ಮುಟ್ಟಿ ನಮಸ್ಕಾರ ಮಾಡಲಿ. ನಮ್ಮ ಪದ್ಧತಿ ಅಂತ ಮಕ್ಕಳಿಗೆ ಏನನ್ನು ಕೊಡುತ್ತೇವೆ, ಏನನ್ನು ನಮ್ಮ ತಲೆಮಾರಿಗೇ ನಿಲ್ಲಿಸುತ್ತೇವೆ ಅನ್ನುವುದು ನಮ್ಮ ಕೈಯಲ್ಲಿದೆ.

ಬಾರಿಸುವವರು ಸಿಗದಿದ್ದರೆ ಆಕಾಶವಾಣಿ ಮಡಿಕೇರಿ ಇದೆ, 103.1. ಕೊಡವ ತಕ್ಕ್, ಅರೆಭಾಷೆ ಎರಡರ ಕಾರ್ಯಕ್ರಮಗಳೂ ಬರುತ್ತವೆ. ರೇಡಿಯೋ ಹಚ್ಚಿಟ್ಟು ನೀವು ಅಕ್ಕಿ ಆರಿಸುತ್ತಾ ಕೂತರೂ ಮಗು ಬಂದು ಪಕ್ಕದಲ್ಲಿ ಕೂರುತ್ತದೆ.

ಕೇಳಿದ್ದನ್ನು ಕೈಯಲ್ಲಿ ಆಡುವುದು

ಅಜ್ಜ ಹೋದ ಮಾರನೇ ದಿನ ದುಡಿ ಮಾಡಿ. ಎರಡು ಪೇಪರ್ ಲೋಟಗಳ ತಳಕ್ಕೆ ತಳ ಸೇರಿಸಿ ಗಟ್ಟಿಯಾಗಿ ಟೇಪು ಸುತ್ತಿ. ಬಲೂನಿನ ಕುತ್ತಿಗೆ ಕತ್ತರಿಸಿ ಉಳಿದದ್ದನ್ನು ಎರಡೂ ಬಾಯಿಗೆ ಎಳೆದು ರಬ್ಬರ್ ಬ್ಯಾಂಡ್ ಹಾಕಿ. ಬಡಿಯಲು ಒಂದು ಹಿಡಿಕಡ್ಡಿ. ರಬ್ಬರು ಬಿಗಿಯಾದಷ್ಟೂ ಸದ್ದು ಏರುತ್ತದೆ ಅನ್ನುವುದನ್ನು ಮಕ್ಕಳು ತಾವೇ ಕಂಡುಹಿಡಿಯುತ್ತಾರೆ. ಕತ್ತರಿಸಿ ಉಳಿದ ಬಲೂನಿನ ಚೂರುಗಳನ್ನು ಆಗಲೇ ಎತ್ತಿಡಿ, ಸಣ್ಣವರು ಬಾಯಿಗೆ ಹಾಕಿಕೊಂಡರೆ ಉಸಿರಿಗೆ ಅಪಾಯ.

ದುಡಿ ಬಾರಿಸುತ್ತಾ ಹಾಡುವ ಕೊಡವರ ಹಾಡು ಬಾಳೋ ಪಾಟ್, ಹಾಡುವವರು ನಾಲ್ವರು. ಇಬ್ಬರು ಒಂದು ಸಾಲು ಹಾಡಿದರೆ ಇನ್ನಿಬ್ಬರು ಅದನ್ನು ಎತ್ತಿಕೊಳ್ಳುತ್ತಾರೆ. ಮಕ್ಕಳ ಆಟಕ್ಕೆ ಇದಕ್ಕಿಂತ ಒಳ್ಳೆಯ ಕಟ್ಟು ಬೇಕಾಗಿಲ್ಲ. ಹಳೆಯ ಹಾಡನ್ನೇ ಬಾಯಿಪಾಠ ಮಾಡಿಸಬೇಡಿ, ಅದು ದೊಡ್ಡವರಿಗೇ ಉದ್ದ. ಮಕ್ಕಳನ್ನು ಎದುರುಬದುರು ಎರಡು ಸಾಲು ಕೂರಿಸಿ, ಅವತ್ತಿನ ಸುದ್ದಿಯನ್ನೇ ಸಾಲು ಮಾಡಿ. “ಬೆಳಿಗ್ಗೆ ಎದ್ದಾಗ ಮಂಜು ಸುರಿದಿತ್ತು” ಅಂತ ಈ ಕಡೆಯವರು, ಅದನ್ನೇ ಆ ಕಡೆಯವರು. “ಗೇಟಿನ ಹತ್ತಿರ ದನ ನಿಂತಿತ್ತು.” ಕಾಫಿ ಪುಡಿಯ ಖಾಲಿ ಡಬ್ಬಿಯ ಮೇಲೆ ತಾಳ. ಮೂರನೇ ದಿನಕ್ಕೆ ಮಕ್ಕಳೇ ಸಾಲು ಕಟ್ಟುತ್ತಾರೆ, ಮನೆಯಲ್ಲಿ ಯಾರಿಗೆ ಜ್ವರ, ಯಾರ ನಾಯಿ ಮರಿ ಹಾಕಿತು ಎಲ್ಲ ಬರುತ್ತದೆ. ಆಮೇಲೆ ಒಂದು ದಿನ ಹೇಳಬಹುದು, ಅಜ್ಜಂದಿರು ಹಾಡುವುದೂ ಹೀಗೆಯೇ ಊರಿನ ಸುದ್ದಿ, ಮನೆತನದ ಸುದ್ದಿ, ತುಂಬ ಹಳೆಯದು ಅಂತ. ನೀವೇ ತಿಳಿದುಕೊಳ್ಳಬೇಕು ಅಂದರೆ ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ತಿರುಗಿ ಕೇಳಿ ಬರೆದು 1924ರಲ್ಲಿ ಹೊರತಂದ ಪಟ್ಟೋಲೆ ಪಳಮೆ ಇದೆ. ಭಾಷೆ ಕೊಡವ, ಲಿಪಿ ಕನ್ನಡ. ಹಾಗಾಗಿ ಗಟ್ಟಿಯಾಗಿ ಓದುತ್ತಾ ಹೋದರೆ ನಮಗೂ ಸದ್ದು ಹಿಡಿಯುತ್ತದೆ.

ಉಮ್ಮತ್ತಾಟ್ ಕುಣಿತಕ್ಕೆ ಹೆಂಗಸರು ಹಿಡಿಯುವ ಕಂಚಿನ ತಾಳದ ಬದಲು ಉಜ್ಜಿ ನುಣುಪು ಮಾಡಿದ ತೆಂಗಿನ ಚಿಪ್ಪು ಕೊಡಿ. ಕೋಲಾಟಕ್ಕೆ ಹಿಂದಿನ ವರ್ಷ ಗಿಡ ಸವರುವಾಗ ಸಿಕ್ಕ ಕಾಫಿ ರೆಂಬೆ, ಮಗುವಿನ ಮೊಣಕೈಯಿಂದ ಬೆರಳ ತುದಿವರೆಗಿನ ಉದ್ದ. ಎಣಿಕೆಯನ್ನು ಕೋಲಿನ ಪೆಟ್ಟಿನ ಜೊತೆಗೇ ಕಲಿಸಿ, ಮೊದಲು ಕೊಡವ ಭಾಷೆಯಲ್ಲಿ: ಒಂದ್, ದಂಡ್, ಮೂಂದ್, ನಾಲ್, ಅಂಜಿ. ಕನ್ನಡದಲ್ಲಿ ಒಂದು ಸುತ್ತು, ಮಲಯಾಳದಲ್ಲಿ ಒಂದು ಸುತ್ತು. ಅಸ್ಸಾಮಿನ ಹುಡುಗಿ ಒಬ್ಬಳು ತಿಂಗಳುಗಟ್ಟಲೆ ಬಾಯಿ ಬಿಡದವಳು, ಒಂದು ದಿನ ಕೋಲು ಹೊಡೆಯುತ್ತಾ ತನ್ನ ಭಾಷೆಯಲ್ಲಿ ಐದರವರೆಗೆ ಎಣಿಸಿದಳು. ಉಳಿದವರು ಕೋಲು ನಿಲ್ಲಿಸಿ ಅವಳನ್ನೇ ನೋಡಿದರು. “ಇನ್ನೊಂದು ಸಲ ಹೇಳು” ಅಂದರು. ಮಾರನೇ ದಿನದಿಂದ ನಮ್ಮ ಕೋಲಾಟಕ್ಕೆ ಅದೂ ಒಂದು ಸುತ್ತು ಸೇರಿತು.

ಲೈನ್‌ಮನೆಗಳಿಂದ ಬರುವ ಅಮ್ಮಂದಿರನ್ನು, ಅಜ್ಜಿಯರನ್ನು ತಪ್ಪದೆ ಕರೆಯಿರಿ. ನಮಗೆ ಹಾಡು ಬರುವುದಿಲ್ಲ ಅನ್ನುತ್ತಾರೆ. ಮಗುವನ್ನು ಮಲಗಿಸುವಾಗ ಏನು ಹೇಳುತ್ತೀರಿ ಅಂತ ಕೇಳಿ. ಎರವರ ಒಬ್ಬ ಅವ್ವ ಹೀಗೆ ಕೇಳಿದಾಗ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹಾಡಿದಳು. ಅದರ ಅರ್ಥ ಏನು ಅಂತ ನಾನು ಆಗಲೇ ಕೇಳಲಿಲ್ಲ. ಮಕ್ಕಳು ಕೇಳುತ್ತಾ ಒಂದೊಂದಾಗಿ ಒರಗಿದವು, ಅವಳ ಮಗ ಮಾತ್ರ ನೆಟ್ಟಗೆ ಕೂತು ಎಲ್ಲರ ಮುಖ ನೋಡುತ್ತಿದ್ದ. ಅವನ ಆ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ.

ಆಯಾ ತಿಂಗಳಿಗೆ ಆಯಾ ಹಬ್ಬ

ಪುತ್ತರಿಯ ವಿಷಯವನ್ನು ಜೂನ್ ತಿಂಗಳಲ್ಲಿ ಹೇಳಿದರೆ ಮಗುವಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ನಮ್ಮ ವರ್ಷ ಮಳೆಯಿಂದ ಶುರುವಾಗುತ್ತದೆ, ಹಾಗೆಯೇ ಹೋಗೋಣ.

ಕಕ್ಕಡ ತಿಂಗಳ 18, ನಾವು ಆಟಿ 18 ಅನ್ನುವುದು, ಆಗಸ್ಟ್ 3ರ ಸುಮಾರಿಗೆ ಬರುತ್ತದೆ. ಅವತ್ತು ಮದ್ದು ಸೊಪ್ಪಿನಲ್ಲಿ 18 ಬಗೆಯ ಔಷಧ ಸೇರಿರುತ್ತದೆ ಅಂತ ಹಿರಿಯರ ನಂಬಿಕೆ. ಹಿಂದಿನ ದಿನವೇ ಮಕ್ಕಳನ್ನು ಬೇಲಿಯ ಸಾಲಿಗೆ ಕರೆದುಕೊಂಡು ಹೋಗಿ ಸೊಪ್ಪು ತೋರಿಸಿ. ಹಸಿರು ಎಲೆ, ನೋಡಲು ಏನೂ ವಿಶೇಷವಿಲ್ಲ. ಕೈಯಲ್ಲಿ ಮುಟ್ಟಲಿ, ಮೂಸಲಿ. ಮರುದಿನ ಅದೇ ಸೊಪ್ಪನ್ನು ದಂಟು ಸಮೇತ ಕೊಚ್ಚಿ ನೀರಿಗೆ ಹಾಕಿ ಕುದಿಸಿ. ಮಕ್ಕಳು ಒಲೆಯಿಂದ ದೂರ, ಆದರೆ ಪಾತ್ರೆ ಕಾಣುವ ಹಾಗೆ ಕೂರಲಿ. ನೀರು ಮೊದಲು ಮಾಸಲಾಗುತ್ತದೆ, ನೋಡನೋಡುತ್ತಾ ನೇರಳೆಗೆ ತಿರುಗುತ್ತದೆ. ಕೋಣೆ ತುಂಬ ಆ ಘಮ. ಸೋಸಿದ ನೀರಿಗೆ ಅಕ್ಕಿ, ಬೆಲ್ಲ, ತೆಂಗಿನ ಹಾಲು ಹಾಕಿ ಪಾಯಸ ಮಾಡಿದರೆ ಪಾಯಸವೂ ನೇರಳೆ, ತಿಂದ ನಾಲಿಗೆಯೂ ನೇರಳೆ. ಒಬ್ಬರಿಗೊಬ್ಬರು ನಾಲಿಗೆ ತೋರಿಸಿಕೊಳ್ಳುವ ಆ ಹತ್ತು ನಿಮಿಷ ಬಿಟ್ಟುಬಿಡಿ, ನಡುವೆ ಹೋಗಬೇಡಿ. ಒಂದು ಸೂಚನೆ ಮರೆಯಬೇಡಿ: ತಿಂದ ಮೇಲೆ ಮೂತ್ರ ಕೆಂಪಾಗುತ್ತದೆ. ಸಂಜೆ ಕರೆದುಕೊಂಡು ಹೋಗಲು ಬರುವ ಎಲ್ಲ ಅಮ್ಮಂದಿರಿಗೂ ಮೊದಲೇ ಹೇಳಿಡಿ, ಹೊರಗಿನಿಂದ ಬಂದವರಿಗಂತೂ ಎರಡು ಸಲ ಹೇಳಿ. ಒಂದು ವರ್ಷ ಹೇಳುವುದು ತಪ್ಪಿಹೋಗಿ, ಒಬ್ಬ ತಾಯಿ ರಾತ್ರಿ ಎಂಟು ಗಂಟೆಗೆ ಮಗುವನ್ನು ಎತ್ತಿಕೊಂಡು ಅಳುತ್ತಾ ನಮ್ಮ ಮನೆಗೆ ಓಡಿಬಂದಿದ್ದಳು. ಮಳೆಯಲ್ಲಿ ನೆನೆದು ನಿಂತ ಅವಳನ್ನು ನೋಡಿ ನನಗೆ ತುಂಬ ಸಂಕಟವಾಯಿತು.

ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ ಕೈಲ್‌ಪೊಳ್ದ್. ಕೋವಿ, ಕತ್ತಿಗಳನ್ನು ತೊಳೆದು ಒರೆಸಿ ಇಟ್ಟು ಪೂಜೆ. ಕೋವಿಯ ತುದಿಗೆ ಸಿಕ್ಕಿಸುವ ತೋಕ್‌ಪೂ ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ, ಬೆಂಕಿಯ ನಾಲಿಗೆಯ ಹಾಗೆ ಕೆಂಪು, ಹಳದಿ, ಎಸಳುಗಳೆಲ್ಲ ಮೇಲಕ್ಕೆ ತಿರುಗಿರುತ್ತವೆ. ತೋಕ್ ಅಂದರೆ ಕೋವಿ. ಆದರೆ ಈ ಗಿಡ ವಿಷ, ಗೆಡ್ಡೆಯಂತೂ ಬಹಳ ವಿಷ. ಹೂವನ್ನು ನೀವೇ ಕೈಯಲ್ಲಿ ಹಿಡಿದು ತೋರಿಸಿ, ಮಕ್ಕಳ ಕೈಗೆ ಕೊಡಬೇಡಿ. ಬಣ್ಣದ ಕಾಗದದಲ್ಲಿ ಅದೇ ಹೂವನ್ನು ಮಾಡಿಸಿದರೆ ಚೆನ್ನಾಗಿ ಬರುತ್ತದೆ. ಕೋವಿಯನ್ನೂ ಅಷ್ಟೆ, ಅಂಗನವಾಡಿಗೆ ತರಿಸಬೇಡಿ. ಅದು ಅವರವರ ಮನೆಯಲ್ಲಿ ಹಿರಿಯರ ಕೈಯಲ್ಲಿ ನೋಡುವ ವಸ್ತು. ನಾವು ಗದ್ದೆ ಕೆಲಸದ ನೊಗ, ಕುಡುಗೋಲು, ಹಾರೆ ಇವನ್ನು ತೊಳೆದು ಅರಿಶಿನ ಕುಂಕುಮ ಇಡುತ್ತಿದ್ದೆವು. ಅದನ್ನು ಹಿಡಿಯುವ ಅಪ್ಪಂದಿರ ಮಕ್ಕಳೇ ನಮ್ಮಲ್ಲಿ ಹೆಚ್ಚು.

ಅಕ್ಟೋಬರದಲ್ಲಿ ಕಾವೇರಿ ಸಂಕ್ರಮಣ. ತಲಕಾವೇರಿಯ ತೀರ್ಥೋದ್ಭವಕ್ಕೆ ಇಷ್ಟು ಸಣ್ಣ ಮಕ್ಕಳನ್ನು ಆ ಜನಜಂಗುಳಿಗೆ ಕರೆದೊಯ್ಯಬೇಡಿ ಅನ್ನುವುದು ನನ್ನ ಮಾತು. ಎರಡು ವಾರ ಬಿಟ್ಟು ಹೋಗಿ, ನೀರು ಅಲ್ಲೇ ಇರುತ್ತದೆ. ಮನೆಯಲ್ಲಿ ಮಾಡುವ ಕಣಿ ಪೂಜೆ ಮಕ್ಕಳಿಗೆ ಹೇಳಿ ಮಾಡಿಸಿದ ಹಾಗಿದೆ. ತೆಂಗಿನಕಾಯಿಗೋ ಸೌತೆಕಾಯಿಗೋ ಕೆಂಪು ಬಟ್ಟೆ ಉಡಿಸಿ, ಸರ ಹಾಕಿ, ಕಾವೇರಮ್ಮ ಅಂತ ಇಡುವುದು. ಸರ ಹಾಕುವ ಕೆಲಸ ಮಗುವಿನ ಕೈಯಿಂದಲೇ ಆಗಲಿ.

ಕಾವೇರಿಯ ಕಥೆಯನ್ನು ನಾನು ಬೈರಾಸಿನಿಂದ, ಅಂದರೆ ಮೈ ಒರೆಸುವ ಬಟ್ಟೆಯಿಂದ, ಹೇಳುತ್ತೇನೆ. ಒಂದು ಮಗುವಿಗೆ ಬೈರಾಸು ಸುತ್ತಿ, ಮುಂದೆ ನೆರಿಗೆ ಹಿಡಿದು ಸಿಕ್ಕಿಸುತ್ತೇನೆ. ಉಳಿದ ಮಕ್ಕಳೆಲ್ಲ ನದಿ. ಅಗಸ್ತ್ಯರ ಕಮಂಡಲದಿಂದ ಹೊರಟ ನದಿ ಜುಳುಜುಳು ಬರುತ್ತಾ ಬರುತ್ತಾ ಬಲಮುರಿಯಲ್ಲಿ ಜೋರಾಗುತ್ತದೆ. ಹೋಗಬೇಡ ತಾಯಿ ಅಂತ ಜನ ಅಡ್ಡ ನಿಲ್ಲುತ್ತಾರೆ. ನದಿಯ ಮಕ್ಕಳು ಬೈರಾಸಿನ ಮಗುವಿನ ಎರಡೂ ಬದಿಯಿಂದ ಓಡಿಹೋಗುವಾಗ ನಾನು ನೆರಿಗೆಯನ್ನು ಸರಕ್ಕನೆ ಹಿಂದಕ್ಕೆ ತಿರುಗಿಸುತ್ತೇನೆ. “ನೀರಿನ ರಭಸಕ್ಕೆ ನೆರಿಗೆ ಹಿಂದೆ ಹೋಯಿತು!” ಅಷ್ಟೇ ಕಥೆ. ಮರುದಿನ ಒಬ್ಬಳು ಬಂದು ಹೇಳುತ್ತಾಳೆ, “ಟೀಚರ್, ನಮ್ಮ ತಾಯಿಯ ಸೀರೆಯ ನೆರಿಗೆಯೂ ಹಿಂದೆ ಇದೆ.” ಕೊಡವರಲ್ಲಿ ತಾಯಿ ಅಂದರೆ ಅಜ್ಜಿ. ಅಲ್ಲಿಂದ ಮುಂದಿನದನ್ನು ಆ ಅಜ್ಜಿಯೇ ಬಂದು ಹೇಳಬಹುದು. ಬಲಮುರಿ ನಮಗೆ ಹತ್ತಿರ, ಬೇಸಿಗೆಯಲ್ಲಿ ನೀರು ಇಳಿದಾಗ ಹೋಗಿ ದಡದಲ್ಲಿ ಕೂತು ಬುತ್ತಿ ತಿಂದು ಬರುತ್ತಿದ್ದೆವು.

ಊರಿನ ಚರಿತ್ರೆ ಎಲ್ಲಿ ಸಿಗುತ್ತದೆ

ಮೊದಲು ಬಸ್ಸಿನ ಬೋರ್ಡಿನಲ್ಲಿ ಸಿಗುತ್ತದೆ. ವಾರಗಳ ಹೆಸರು ಕಲಿಯುವ ಮಗುವಿಗೆ ಸೋಮವಾರಪೇಟೆ, ಶನಿವಾರಸಂತೆ ಸಾಕು. ಅಲ್ಲಿ ಯಾವತ್ತು ಸಂತೆ ಅಂತ ಕೇಳಿ ನೋಡಿ, ಬಾಯಿ ತೆರೆದು ನಗುತ್ತದೆ. ಸ್ವಲ್ಪ ದೊಡ್ಡವರಿಗೆ ಮುದ್ದುರಾಜನ ಕೇರಿ ಮಡಿಕೇರಿ ಆದದ್ದು, ವೀರರಾಜನ ಪೇಟೆ ವಿರಾಜಪೇಟೆ ಆದದ್ದು.

ಆಮೇಲೆ ತೋಟದಲ್ಲಿ ಸಿಗುತ್ತದೆ. ಕೊಡಗಿನ ಬೆಟ್ಟ, ತೋಟಗಳಲ್ಲಿ ಅಲ್ಲಲ್ಲಿ ಕಡಂಗ ಇದೆ, ಗಡಿಗೂ ಕಾಳಗಕ್ಕೂ ಅಂತ ಹಳಬರು ತೋಡಿದ ಆಳದ ಕಂದಕ, ಪಕ್ಕದಲ್ಲಿ ಮಣ್ಣಿನ ದಿಣ್ಣೆ. ನಮ್ಮ ಅಂಗನವಾಡಿಯ ಹಿಂದಿನ ತೋಟದಲ್ಲೂ ಒಂದು ಹಾದುಹೋಗುತ್ತದೆ. ಅದನ್ನು ದಿನಾ ದಾಟಿ ಬರುವ ಮಕ್ಕಳಿಗೂ ಅದು ಬರೀ ಗುಂಡಿ. ನಾನು ಏನೂ ಹೇಳದೆ ಒಂದು ಹಗ್ಗ ತೆಗೆದುಕೊಂಡು ಹೋಗುತ್ತಿದ್ದೆ. ಮೇಲಿಂದ ಹಗ್ಗ ಇಳಿಬಿಟ್ಟು ಆಳಕ್ಕೆ ಗಂಟು ಹಾಕುವುದು, ಆ ಹಗ್ಗವನ್ನು ಮಕ್ಕಳ ಪಕ್ಕ ಹಿಡಿದು ನೋಡುವುದು. ಒಬ್ಬನಿಗಿಂತ ಉದ್ದ, ಇಬ್ಬರಷ್ಟು ಉದ್ದ. ಆಗ ಪ್ರಶ್ನೆ ಬರುತ್ತದೆ: “ಜೆಸಿಬಿ ತಂದಿದ್ದರಾ?” ಇಲ್ಲ ಅಂದಾಗ ಆ ಮುಖಗಳನ್ನು ನೋಡಬೇಕು. ಕೈಯಲ್ಲೇ ತೋಡಿದರು, ಬುಟ್ಟಿಯಲ್ಲಿ ಮಣ್ಣು ಹೊತ್ತರು ಅಂದರೆ ಆ ಮಧ್ಯಾಹ್ನ ಮರಳಿನಲ್ಲಿ ಎಲ್ಲರೂ ಕಡಂಗ ತೋಡುತ್ತಾರೆ. ಈಗ ಎಷ್ಟೋ ಕಡೆ ನಿಜವಾಗಿಯೂ ಜೆಸಿಬಿ ಬಂದು ಅವನ್ನು ಸಮ ಮಾಡುತ್ತಿದೆ. ನಿಮ್ಮ ತೋಟದಲ್ಲಿ ಇದ್ದರೆ ದಯವಿಟ್ಟು ಉಳಿಸಿಕೊಳ್ಳಿ.

ಹೋಗುವ ಮೊದಲು ತೋಟದ ರೈಟರಿಗೆ ಹೇಳಿ, ಆನೆ ಓಡಾಡಿದೆಯಾ ಅಂತ ಕೇಳಿಕೊಂಡೇ ಹೋಗಿ. ಬೆಳಿಗ್ಗೆ ಹತ್ತರ ಮೇಲೆ, ಮಧ್ಯಾಹ್ನ ಮೂರರ ಒಳಗೆ. ಮಳೆಗಾಲದಲ್ಲಿ ಜಿಗಣೆ ಮಕ್ಕಳನ್ನು ಬಿಡುವುದಿಲ್ಲ, ಜನವರಿ, ಫೆಬ್ರವರಿ ಒಳ್ಳೆಯದು. ಕಂದಕದ ಒಳಗೆ ಮೊದಲು ದೊಡ್ಡವರು ಇಳಿದು ಕೋಲಿನಿಂದ ತರಗೆಲೆ ಕೆದಕಿ ನೋಡಿ.

ಮಡಿಕೇರಿಗೆ ಹೋದರೆ ಕೋಟೆಯ ಒಳಗಿನ ಎರಡು ಗಾರೆಯ ಆನೆಗಳ ಹತ್ತಿರ ಹೋಗಿ. ನಿಜವಾದ ಆನೆಯಷ್ಟೇ ದೊಡ್ಡವು. ಅರಮನೆ, ಚರ್ಚಿನ ಕಟ್ಟಡದಲ್ಲಿರುವ ಮ್ಯೂಸಿಯಂ ಎಲ್ಲ ಒಂದೇ ದಿನ ತೋರಿಸುವ ಆಸೆ ಬೇಡ. ಆನೆಯ ಹತ್ತಿರ ಅರ್ಧ ಗಂಟೆ ಕಳೆಯಿರಿ. ಎಷ್ಟು ಮಕ್ಕಳು ಕೈ ಹಿಡಿದರೆ ಒಂದು ಆನೆಯನ್ನು ಸುತ್ತಬಹುದು ಅಂತ ನೋಡಿ. ನಮ್ಮ ಮಕ್ಕಳಲ್ಲಿ ಒಬ್ಬ ಕೇಳಿದ, “ಇವುಗಳ ರಾಜ ಎಲ್ಲಿ?” ಅಂದರೆ ಚರಿತ್ರೆ ಹೇಳುವ ಹೊತ್ತು ಬಂತು. ಕೊನೆಯ ರಾಜನ ಹೆಸರು ಚಿಕ್ಕವೀರರಾಜ, ಬ್ರಿಟಿಷರು ಅವನನ್ನು ಕೆಳಗಿಳಿಸಿ ಕಾಶಿಗೆ ಕಳುಹಿಸಿದರು, ಅಲ್ಲಿಂದ ಅವನು ಹಡಗು ಹತ್ತಿ ಮಗಳು ಗೌರಮ್ಮನ ಜೊತೆ 1852ರಲ್ಲಿ ಇಂಗ್ಲೆಂಡಿಗೆ ಹೋದ. “ವಾಪಸ್ ಬರಲಿಲ್ವಾ?” ಬರಲಿಲ್ಲ. ಆ ಹುಡುಗಿಗೆ ಆಗ ನಮ್ಮ ಐದನೇ ಕ್ಲಾಸಿನ ಅಕ್ಕಂದಿರಷ್ಟು ವಯಸ್ಸು ಅಂದೆ. ಅಲ್ಲಿಗೆ ನಿಲ್ಲಿಸಿದೆ. ಅವತ್ತು ಬಸ್ಸಿನಲ್ಲಿ ಇಬ್ಬರು ಹುಡುಗಿಯರು ಗೌರಮ್ಮ ಇಂಗ್ಲೆಂಡಿಗೆ ಏನು ಏನು ತೆಗೆದುಕೊಂಡು ಹೋಗಿರಬಹುದು ಅಂತ ಪಟ್ಟಿ ಮಾಡುತ್ತಿದ್ದರು. ಅಕ್ಕಿರೊಟ್ಟಿ, ಬೆಕ್ಕು, ಕೊಡೆ.

ಯುದ್ಧ, ಗಲ್ಲು, ಇವನ್ನು ಏಳು ವರ್ಷದ ಒಳಗಿನವರಿಗೆ ಹೇಳಬೇಡಿ. ಗುಡ್ಡೆಮನೆ ಅಪ್ಪಯ್ಯಗೌಡರನ್ನು 1837ರಲ್ಲಿ ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು ಅನ್ನುವುದು ನಮ್ಮ ಮನೆಗಳಲ್ಲಿ ಎದೆ ಬಿಗಿಹಿಡಿದು ಹೇಳುವ ಮಾತು. ಸಣ್ಣವರಿಗೆ ನಾನು ಹೇಳುವುದು ಇಷ್ಟು: ಬೆಳೆದ ಭತ್ತದಲ್ಲಿ ಕಂದಾಯ ಕೊಡುತ್ತಿದ್ದ ರೈತರಿಗೆ ಬ್ರಿಟಿಷರು ದುಡ್ಡೇ ಕೊಡಿ ಅಂದರು, ದುಡ್ಡು ಎಲ್ಲಿಂದ ತರಲಿ ಅಂತ ಎದ್ದು ನಿಂತವರಲ್ಲಿ ಅವರೂ ಒಬ್ಬರು. ಉಳಿದದ್ದು ದೊಡ್ಡವರಾದ ಮೇಲೆ. ಜನರಲ್ ತಿಮ್ಮಯ್ಯನವರ ಸನ್ನಿಸೈಡ್ ಮನೆ ಈಗ ಮ್ಯೂಸಿಯಂ, ಮಕ್ಕಳಿಗೆ ಇಷ್ಟವಾಗುತ್ತದೆ, ಹೋಗಿ ಬನ್ನಿ. ಅದರ ಬಗ್ಗೆ ಹೇಳುವವರು ಬಹಳ ಜನ ಇದ್ದಾರೆ, ನಾನು ಹೆಚ್ಚು ಬರೆಯುವುದಿಲ್ಲ.

ವೇದಿಕೆ ಬೇಡ

ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ನಾನೇ ಹೇಳಿ ದುಡಿಯ ಅಜ್ಜನನ್ನು ಕರೆಸಿದ್ದೆ. ಸಂಜೆ ಆರಕ್ಕೆ ಬಂದವರು. ಬಾಡಿಗೆಗೆ ತಂದ ಕೊಡವರ ಉಡುಪು ಕುಪ್ಯ ಚೇಲೆ ತೊಟ್ಟ ಪುಟ್ಟ ಮಕ್ಕಳು ಸಿನಿಮಾ ಹಾಡಿಗೆ ಕುಣಿದರು, ಭಾಷಣಗಳಾದವು, ಬಹುಮಾನ ಹಂಚಿದರು. ಒಂಬತ್ತೂವರೆಗೆ ಸಮಯ ಆಯಿತು, ಮುಂದಿನ ವರ್ಷ ನೋಡೋಣ ಅಂದರು. ಅಜ್ಜ ದುಡಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಜೀಪು ಹತ್ತಿದರು. ಮುಂದಿನ ವರ್ಷದ ಹೊತ್ತಿಗೆ ಅವರು ಇರಲಿಲ್ಲ. ಇದನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ. ಏಳು ವರ್ಷದ ಒಳಗಿನ ಮಕ್ಕಳಿಗೆ ಕಾರ್ಯಕ್ರಮ, ಡ್ರೆಸ್ಸು, ಅಭ್ಯಾಸ, ಚಪ್ಪಾಳೆ ಯಾವುದೂ ಬೇಡ. ಚಾಪೆ ಸಾಕು. ಮತ್ತು ಹಿರಿಯರು ಇರುವಾಗಲೇ ಅವರ ದನಿಯನ್ನು ಫೋನಿನಲ್ಲಿ ತುಂಬಿಸಿಟ್ಟುಕೊಳ್ಳಿ. ಅಡುಗೆಮನೆಯಲ್ಲಿ ಅಜ್ಜಿ ಕಡುಬಿನ ಹಿಟ್ಟು ನಾದುತ್ತಾ ಗುನುಗುವುದೂ ಸಾಕು. ಬೆಂಗಳೂರಿನಲ್ಲಿರುವ ಮೊಮ್ಮಗನಿಗೆ ವಾರಕ್ಕೊಂದು ನಾನು ಕಳುಹಿಸುತ್ತೇನೆ, ಒಂದು ನಿಮಿಷ ಮೀರುವುದಿಲ್ಲ.

ಪುತ್ತರಿ ರಾತ್ರಿ

ಪುತ್ತರಿ ಬರುವುದು ನವೆಂಬರ್ ಕೊನೆ ಇಲ್ಲವೇ ಡಿಸೆಂಬರ್‌ನ ಹುಣ್ಣಿಮೆಯ ಹೊತ್ತಿಗೆ. ಎಲೆಗಳನ್ನು ಸೇರಿಸಿ ನೆರೆ ಕಟ್ಟುವುದು ಎಷ್ಟು ಗಂಟೆಗೆ, ಕದಿರು ತೆಗೆಯುವುದು ಎಷ್ಟಕ್ಕೆ ಅಂತ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ಗೊತ್ತುಮಾಡುತ್ತಾರೆ. ಹಗಲಲ್ಲೇ ಮಕ್ಕಳನ್ನು ಗದ್ದೆಗೆ ಕರೆದೊಯ್ದು, ರಾತ್ರಿ ಕೊಯ್ಯುವ ಜಾಗ ತೋರಿಸಿ, ಬದುವಿನ ಮೇಲೆ ನಡೆಸಿ ಅಭ್ಯಾಸ ಮಾಡಿಸಿ. ನೆರೆಗೆ ಬೇಕಾದ ಐದು ಬಗೆಯ ಎಲೆಗಳಲ್ಲಿ ಮಾವು, ಅರಳಿ ಎರಡನ್ನಾದರೂ ಮಗುವೇ ಆರಿಸಿ ತರಲಿ. ಕೋವಿಯ ಗುಂಡಿನ ಸದ್ದಿಗೆ ಮಕ್ಕಳು ಬೆಚ್ಚುತ್ತವೆ, ಗುಂಡು ಹೊಡೆಯುವ ಮೊದಲು ಕಿವಿ ಮುಚ್ಚಿಕೊಳ್ಳಲು ಕಲಿಸಿಡಿ. “ಪೊಲಿ ಪೊಲಿ ದೇವಾ” ಅಂತ ಎಲ್ಲರೂ ಕೂಗುವಾಗ ಕಿವಿಯಿಂದ ಕೈ ತೆಗೆದು ಕೂಗಬೇಕು, ಇದನ್ನೂ ಹಗಲೇ ಆಡಿಸಿ. ಹೆಚ್ಚಲಿ ದೇವರೇ ಅಂತ ಅದರ ಅರ್ಥ, ಕೇಳಿದರೆ ಹೇಳಿ.

ಎಷ್ಟೇ ತಯಾರಿ ಮಾಡಿದರೂ ಎರಡು ಮೂರು ವರ್ಷದವು ಆ ಹೊತ್ತಿಗೆ ನಿದ್ದೆ ಹೋಗಿರುತ್ತವೆ. ಎಬ್ಬಿಸಬೇಡಿ. ಕಂಬಳಿ ಸುತ್ತಿ ಹೆಗಲ ಮೇಲೆ ಹಾಕಿಕೊಂಡು ಗದ್ದೆಗೆ ಹೋಗಿ. ಮನೆಗೆ ಬಂದು ಕಂಬಕ್ಕೆ, ತೊಟ್ಟಿಲಿಗೆ, ಬಾಗಿಲಿಗೆ ಕದಿರು ಕಟ್ಟುವಾಗ ಒಂದು ತೆನೆಯನ್ನು ಮಗುವಿನ ದಿಂಬಿನ ಹತ್ತಿರ ಇಡಿ. ಬೆಳಿಗ್ಗೆ ಎದ್ದಾಗ ಕೈಗೆ ಸಿಗುತ್ತದೆ. ಅದನ್ನು ಹಿಡಿದುಕೊಂಡು ಅಡುಗೆಮನೆಗೆ ಬಂದು “ಇದು ಯಾರು ಇಟ್ಟದ್ದು ಅಜ್ಜೀ?” ಅಂತ ಕೇಳಿದಾಗ ತಂಬಿಟ್ಟಿನ ಉಂಡೆ ಕೈಗೆ ಕೊಟ್ಟು, ಒಲೆಯ ಹತ್ತಿರ ಕೂರಿಸಿಕೊಂಡು, ರಾತ್ರಿ ಏನೇನಾಯಿತು ಅಂತ ಹೇಳಲು ಶುರುಮಾಡಿ.